ಅಂಗಿ ತೊಟ್ಟ ಬಾಟಲಿ

"ಗೆರೆ ಇಲ್ಲೇ ಇತ್ತು ಕಣೇ," ಎಂದು ಟೈಲರ್ ಬಾಟಲಿಯನ್ನು ದೀಪದ ಬೆಳಕಿಗೆ ಹಿಡಿದ. "ನಾನ್ಯಾಕೆ ಸುಳ್ಳು ಹೇಳ್ಲಿ?"

"ನೀವ್ಯಾಕೆ ಹೇಳ್ತೀರಾ. ಗೆರೆಗೇ ಕಾಲು ಬಂದು ಕೆಳಗಿಳಿದಿರಬೇಕು," ಎಂದಳು ಹೆಂಡತಿ, ತಟ್ಟೆಗಳನ್ನು ಸದ್ದಾಗುವಂತೆ ಜೋಡಿಸುತ್ತ.

ಮಗಳು ಮೂಲೆಯಲ್ಲಿ ಕುಳಿತು ಕಾಜ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಎತ್ತಿದರೆ ಇಬ್ಬರೂ ಅವಳನ್ನೇ ಸಾಕ್ಷಿಗೆ ಎಳೆಯುತ್ತಿದ್ದರು.

ಕುಡಿತ ಒಮ್ಮೆಲೇ ಬಿಟ್ಟರೆ ಜೀವಕ್ಕೆ ಅಪಾಯ, ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಸಿ ಎಂದಿದ್ದರು ಡಾಕ್ಟರು. ಇವನೋ ಅಳತೆಯ ಮನುಷ್ಯ. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಬಾಟಲಿಯ ಮೇಲೆ ಗೆರೆ ಎಳೆದು, "ಇವತ್ತಿಗೆ ಇಲ್ಲೀವರೆಗೆ, ಇದರ ಕೆಳಗೆ ಇಳಿಯಲ್ಲ," ಎಂದು ಶುರುಮಾಡಿದ. ಆದರೆ ಆ ಗೆರೆ ಇರುವುದೇ ಒರೆಸಿಹೋಗುವುದಕ್ಕೆ. ಹೆಬ್ಬೆರಳು ಸೋಕಿದರೆ ಸಾಕು. ಸಂಜೆ ಎಳೆದದ್ದು ಊಟದ ಹೊತ್ತಿಗೆ ಎರಡು ಬೆರಳು ಕೆಳಗಿರುತ್ತಿತ್ತು.

ಅವನು ನಡುಗುವ ಕೈಯಲ್ಲಿ ಗಿರಾಕಿಯೊಬ್ಬರ ಕೋಟಿನ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ ದಿನವೇ ಮಗಳು ಕತ್ತರಿಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಅಂದಿನಿಂದ ಅವನು ತನ್ನದೇ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂರುತ್ತಿದ್ದ. ಕತ್ತರಿ ಕೇಳಿದಾಗಲೆಲ್ಲ ಅವಳದು ಒಂದೇ ಮಾತು: "ಮೊದಲು ಗೆರೆಗೆ ನಿಲ್ಲಿಸಪ್ಪ."

ಮಾರನೆಯ ಸಂಜೆ ಅವಳು ಉಳಿದ ಚೂರುಬಟ್ಟೆಯಲ್ಲಿ ಬಾಟಲಿಗೆ ಅಂಗಿ ಹೊಲಿದಳು. ಜಾರದಂತೆ ಕುತ್ತಿಗೆಯ ಬಳಿ ಬಿಗಿ, ಒಳಗಿನದು ಕಾಣಲು ಮುಂದೊಂದು ಸೀಳು, ಸೀಳಿನ ಪಕ್ಕ ಕೆಂಪು ದಾರದ ಗೆರೆ.

"ಕಾಲರ್ ಒಂದು ಇಡೋದು ಬಿಟ್ಟೆಯಲ್ಲ," ಎಂದ ಅಪ್ಪ.

"ಈಗ ಒರೆಸು ನೋಡೋಣ."

ಬೆಳಗಾಗುತ್ತಲೇ ಅಡುಗೆಮನೆಯಿಂದ ಅಮ್ಮನ ದನಿ. "ಬಾ, ನೋಡು ಬಾ. ಅದನ್ನೂ ಬಿಚ್ಚಿದ್ದಾರೆ. ಈ ಮನುಷ್ಯನಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

ಮಗಳು ಬಾಟಲಿಯನ್ನು ಕಿತ್ತುಕೊಂಡಳು. ನಿಜ, ಅವಳ ಹೊಲಿಗೆ ಹೋಗಿತ್ತು. ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು. ಬೈಯಲು ಬಾಯಿ ತೆರೆದವಳು ಬಾಟಲಿಯನ್ನು ಕಣ್ಣಿನ ಹತ್ತಿರ ತಂದಳು. ಅದೇ ಕೆಂಪು ದಾರದ ಗೆರೆ ತೂತುಗಳ ಸಾಲಿಗಿಂತ ಮೇಲೆ ಕೂತಿತ್ತು. ಮೇಲೆ, ಕೆಳಗಲ್ಲ. ಅವಳು ಕುಡಿಯಲು ಬಿಟ್ಟದ್ದಕ್ಕಿಂತ ಒಂದು ಗುಟುಕು ಕಡಿಮೆ. ಒಳಗಿನದೂ ಅಲ್ಲಿಗೇ ನಿಂತಿತ್ತು. ಹೊಲಿಗೆ ಮಾತ್ರ ಹೊಸದಾಗಿ ಸೂಜಿ ಹಿಡಿದವರು ಹಾಕಿದಂತೆ ಡೊಂಕುಡೊಂಕಾಗಿತ್ತು.

"ಕತ್ತರಿ?" ಎಂದ ಅಪ್ಪ, ಬಾಗಿಲಲ್ಲಿ ನಿಂತು.

"ಒಂದು ದಿನಕ್ಕೇನಾ?" ಎಂದಳು ಅವಳು ಸಿಡುಕಿ. "ಗೆರೆ ನೀನು ಎಳಿ. ಕತ್ತರಿಸೋದು ನಾನು."

ಮೇಜಿನ ಮೇಲೆ ಬಟ್ಟೆ ಹರಡಿದಳು. ಅವನು ಬಿಲ್ಲೆ ತೆಗೆದುಕೊಂಡ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದು ಮೆಲ್ಲಗೆ ಎಳೆಯತೊಡಗಿದ. ಮಗಳು ಕತ್ತರಿಯ ಬಾಯಿ ತೆರೆದುಕೊಂಡು, ಗೆರೆ ಮುಗಿಯುವವರೆಗೂ ಕಾದಳು.