ತೊಟ್ಟವರ ಎಡ

ಪ್ಲೈವುಡ್ ಗೋಡೆಯ ಆಚೆ ಮತ್ತೆ ನಗು ಎದ್ದಿತು. ದೊಡ್ಡವಳು ಹೊಲಿಗೆ ಮಿಷನ್ನಿನ ಚಕ್ರವನ್ನು ಅಂಗೈಯಿಂದ ಒತ್ತಿ ನಿಲ್ಲಿಸಿ ಕಿವಿಗೊಟ್ಟಳು. ಮೂರು ಹೆಂಗಸರ ದನಿ. ಅಲ್ಲ, ನಾಲ್ಕು. ಅದರಲ್ಲೊಂದು ಹೋದ ವರ್ಷದವರೆಗೂ ತನ್ನ ಹತ್ತಿರವೇ ಹೊಲಿಸುತ್ತಿದ್ದ ಹಲ್ಲಿನ ಡಾಕ್ಟರಮ್ಮನದು.

"ಸೊಂಟ ಎಷ್ಟು ಚೆನ್ನಾಗಿ ಕೂತಿದೆ ನೋಡ್ರೇ," ಎನ್ನುತ್ತಿದ್ದಳು ಆಕೆ.

ಆ ಸೊಂಟವನ್ನು ದೊಡ್ಡವಳು ಹತ್ತು ವರ್ಷ ಅಳೆದಿದ್ದಳು. ಅದಕ್ಕೆ ಬಟ್ಟೆ ಕೂರಿಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೊಟ್ಟೆ ಉರಿದದ್ದು ಅದಕ್ಕೇ.

"ಏನಕ್ಕಾ, ಮಿಷನ್ ನಿಂತೋಯ್ತು?" ಆಚೆಯಿಂದ ತಂಗಿ ಕೂಗಿದಳು. "ಗೋಡೆಗೆ ಕಿವಿ ಅಂಟಿಕೊಂಡ್ತಾ? ಬಿಡಿಸೋಕೆ ಬರ್ಲಾ?"

"ನಿನ್ನ ಗಿರಾಕಿಗಳ ಬಾಯಿಗೊಂದು ಜಿಪ್ ಹಾಕೇ. ಫ್ರಾಕಿಗಂತೂ ನೆಟ್ಟಗೆ ಹಾಕೋಕೆ ಬರಲ್ಲ."

ಆಚೆ ಮತ್ತೆ ನಗು. ಈ ಸಲ ಐದು ದನಿ.

ಅಂಗಡಿ ಅಪ್ಪನದು. ಒಂದೇ ಉದ್ದನೆಯ ಕೋಣೆ, ಬೀದಿಗೆ ಎರಡು ಬಾಗಿಲು. ಅಪ್ಪ ನಲವತ್ತು ವರ್ಷ ಅಲ್ಲಿ ಕೋಟು, ಷರ್ಟು, ಫ್ರಾಕು ಹೊಲಿದ. ಇಬ್ಬರು ಹೆಣ್ಣುಮಕ್ಕಳಿಗೂ ಕೆಲಸ ಕಲಿಸಿದ. ಕೊನೆಗಾಲಕ್ಕೆ ಪತ್ರ ಬರೆಯುವವನನ್ನು ಕರೆಸಿ ಉಯಿಲು ಬರೆಸಿದ. ಅಂಗಡಿಯ ಎಡ ಅರ್ಧ ದೊಡ್ಡ ಮಗಳಿಗೆ, ಬಲ ಅರ್ಧ ಚಿಕ್ಕ ಮಗಳಿಗೆ. ಅಷ್ಟೇ. ದಿಕ್ಕು ಬರೆಯಲಿಲ್ಲ, ಚಕ್ಕುಬಂದಿ ಬರೆಯಲಿಲ್ಲ, ಯಾವ ಕಡೆ ಏನಿದೆ ಎಂದು ಹೇಳಲಿಲ್ಲ. ಆಗ ಯಾರಿಗೂ ಅದು ಕೊರತೆ ಅನ್ನಿಸಲೂ ಇಲ್ಲ. ಮಿಷನ್ನಿನ ಮುಂದೆ ಬೀದಿಗೆ ಮುಖ ಮಾಡಿ ಕೂತರೆ ಎಡಗೈಗೆ ಬರುವ ಅರ್ಧವನ್ನು ದೊಡ್ಡವಳು ಹಿಡಿದಳು. ಬಟ್ಟೆ ಕತ್ತರಿಸುವ ದೊಡ್ಡ ಮೇಜು ಆ ಕಡೆಗಿತ್ತು, ಹಿತ್ತಲ ಬಾಗಿಲೂ ಆ ಕಡೆಗಿತ್ತು. ಚಿಕ್ಕವಳಿಗೆ ಸಿಕ್ಕಿದ್ದು ಮೂಲೆ. ಅದರ ಪಕ್ಕದಲ್ಲಿ ಬೀದಿಯ ಕಸದ ತೊಟ್ಟಿ. ನಡುವೆ ಪ್ಲೈವುಡ್ ಹೊಡೆಸುವಾಗ ದೊಡ್ಡವಳು ಮೂಗಿಗೆ ಸೆರಗು ಹಿಡಿದುಕೊಂಡು, "ಪಾಪ, ನಿನಗೆ ಗಾಳಿ ಬೆಳಕು ಚೆನ್ನಾಗಿದೆ ಬಿಡು," ಎಂದಿದ್ದಳು.

ಎರಡು ವರ್ಷಕ್ಕೆ ಪುರಸಭೆಯವರು ತೊಟ್ಟಿ ಎತ್ತಿದರು. ಅದೇ ಜಾಗಕ್ಕೆ ಬಸ್ ಸ್ಟಾಪ್ ಬಂತು. ಬಸ್ಸಿಗೆ ಕಾಯುವ ಹೆಂಗಸರು ಸುಮ್ಮನೆ ನಿಲ್ಲುತ್ತಾರೆಯೇ? ಚಿಕ್ಕವಳು ಗೋಡೆ ಒಡೆಸಿ ಗಾಜಿನ ಕಿಟಕಿ ಇಡಿಸಿದಳು, ಕಿಟಕಿಯಲ್ಲಿ ಹಳದಿ ಫ್ರಾಕು ತೊಟ್ಟ ಬೊಂಬೆ ನಿಲ್ಲಿಸಿದಳು. ಬಸ್ಸು ತಡವಾದಷ್ಟೂ ಅವಳಿಗೆ ಗಿರಾಕಿ. ದೊಡ್ಡವಳು ಬಸ್ಸಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಳು. ಬಸ್ಸು ಸರಿಯಾದ ಹೊತ್ತಿಗೆ ಬಂದ ದಿನ ಅವಳಿಗೆ ಊಟ ಸೇರುತ್ತಿತ್ತು.

ತಲೆಗೆ ಹುಳ ಬಿಟ್ಟವನು ಗುಂಡಿ ದಾರ ಮಾರಲು ಬರುವವನು. ಒಂದು ದಿನ ಬೀದಿಯಲ್ಲಿ ಚೀಲ ಇಳಿಸಿ, ಅಂಗಡಿಯನ್ನು ನೋಡುತ್ತ, "ಎಡಗಡೆ ಭಾಗಕ್ಕೇ ಕಳೆ ಬಂದಿದೆ ಕಣಕ್ಕಾ," ಎಂದ. ದೊಡ್ಡವಳು ಅವನು ಕೈ ತೋರಿಸಿದ ಕಡೆ ನೋಡಿದಳು. ಅವನು ತೋರಿಸಿದ್ದು ಮೂಲೆಯನ್ನು. ಬೀದಿಯಲ್ಲಿ ನಿಂತವನಿಗೆ ಅದೇ ಎಡ.

ಅವತ್ತು ಸಂಜೆಯೇ ಅವಳು ಉಯಿಲನ್ನು ಟ್ರಂಕಿನಿಂದ ತೆಗೆದಳು. ವಾರದೊಳಗೆ ತಂಗಿಗೆ ವಕೀಲರ ನೋಟಿಸು ಹೋಯಿತು: ಎಡ ಅರ್ಧ ನನ್ನದು, ಬಿಟ್ಟುಕೊಡು. ತಂಗಿಯ ವಕೀಲರಿಂದ ಜವಾಬು ಬಂತು. ಕೇಸು ಕೋರ್ಟು ಹತ್ತಿತು. ಜಡ್ಜು ಎರಡೂ ಕಾಗದ ಓದಿ, ಮೊದಲು ರಾಜಿ ಕೇಂದ್ರಕ್ಕೆ ಹೋಗಿ ಎಂದು ಅಟ್ಟಿದರು. ಎಡವೆಂದರೆ ಯಾವುದೆಂದು ಕೇಳೋಣವೆಂದರೆ ಉಯಿಲು ಬರೆದುಕೊಟ್ಟವನೂ ತೀರಿಹೋಗಿದ್ದ.

ರಾಜಿ ಮಾಡಿಸುವ ವಕೀಲಮ್ಮ ಜಾಗ ನೋಡಬೇಕೆಂದು ಅಂಗಡಿಗೇ ಬಂದರು. ದಪ್ಪ ಹೆಂಗಸು, ಕಪ್ಪು ಕೋಟು, ಬಿಸಿಲಿಗೆ ಬೆವರಿ ಮುಖ ಕೆಂಪಾಗಿತ್ತು. ಮೊದಲು ಚಿಕ್ಕವಳ ಹತ್ತಿರ ಅರ್ಧ ಗಂಟೆ ಮಾತಾಡಿದರು. ಅಲ್ಲೂ ನಗು ಕೇಳಿತು. ಇವರನ್ನೂ ಬುಟ್ಟಿಗೆ ಹಾಕಿಕೊಂಡಳು ಎಂದುಕೊಂಡಳು ದೊಡ್ಡವಳು.

ಆಮೇಲೆ ವಕೀಲಮ್ಮ ಈಚೆ ಬಂದು ಸ್ಟೂಲಿನ ಮೇಲೆ ಕೂತರು. "ನೋಡೀಮ್ಮಾ, ಇಲ್ಲಿ ಆಡಿದ ಮಾತು ನನ್ನಲ್ಲೇ ಇರುತ್ತೆ. ಕೋರ್ಟಿಗೆ ನಾನು ಹೇಳೋ ಹಾಗಿಲ್ಲ. ಅದಕ್ಕೇ ಬಿಚ್ಚಿ ಮಾತಾಡಿ. ನಿಮ್ಮಪ್ಪ ಎಡ ಅಂತ ಬರೆಸಿದಾಗ ಎಲ್ಲಿದ್ರು?"

"ಬರೆಯೋನು ಬೀದಿಲಿ ನಿಂತು ನೋಡಿ ಬರ್ಕೊಂಡ."

"ನಾನು ಕೇಳಿದ್ದು ಅಪ್ಪನ ವಿಷಯ."

"ಯಾರಿಗೆ ನೆನಪಿದೆ ಮೇಡಂ? ಎಡ ಅಂದ್ರೆ ಎಡ. ದಾರೀಲಿ ಹೋಗೋ ಯಾರನ್ನಾದ್ರೂ ಕೇಳಿ, ಆ ಮೂಲೇನೇ ತೋರಿಸ್ತಾರೆ."

"ಆ ಮೂಲೇಲಿ ಕಸದ ತೊಟ್ಟಿ ಇದ್ದಾಗ ಯಾರನ್ನೂ ಕೇಳಲಿಲ್ವಲ್ಲ ನೀವು?"

ದೊಡ್ಡವಳು ಸೀಮೆಸುಣ್ಣವನ್ನು ಮೇಜಿನ ಮೇಲೆ ಕುಟ್ಟಿದಳು. ಅದು ಎರಡಾಯಿತು. "ಆಗ ಬುದ್ಧಿ ಇರಲಿಲ್ಲ. ಈಗ ಬಂದಿದೆ. ತಪ್ಪಾ?"

ವಕೀಲಮ್ಮ ಗೋಡೆಯ ಅಳತೆ ನೋಡಲು ಎದ್ದರು. ತಿರುಗುವಾಗ ಪ್ಲೈವುಡ್ಡಿನಿಂದ ಎದ್ದಿದ್ದ ಮೊಳೆಗೆ ಕೋಟು ಸಿಕ್ಕಿಕೊಂಡಿತು. ಪರ್ರೆಂದು ಸದ್ದಾಯಿತು.

"ಅಯ್ಯೋ, ಅಲ್ಲಾಡಬೇಡಿ, ಎಳೀಬೇಡಿ!" ದೊಡ್ಡವಳು ಮೇಜು ಸುತ್ತಿ ಓಡಿಬಂದಳು. ಮೊಳೆ ಬಿಡಿಸಿ, ಕೋಟನ್ನು ಅವರ ಮೈಯಿಂದ ಮಗುವಿನ ಅಂಗಿ ಕಳಚುವ ಹಾಗೆ ಕಳಚಿ, ಮುಂಭಾಗ ಮೇಲೆ ಮಾಡಿ ಮೇಜಿನ ಮೇಲೆ ಹರಡಿದಳು. "ಬಟ್ಟೆ ಹರಿದಿಲ್ಲ. ಹೊಲಿಗೆ ಬಿಟ್ಟಿದೆ ಅಷ್ಟೇ. ಯಾವನು ಹೊಲಿದಿದ್ದು ಇದನ್ನ? ತೋಳು ಕೂರಿಸೋಕೆ ಬರದೋನು."

ವಕೀಲಮ್ಮ ಮೇಜಿನ ಈಚೆ ನಿಂತು ಬಗ್ಗಿ ನೋಡಿದರು. "ಬಲತೋಳು ಪೂರ್ತಿ ಬಂದುಬಿಡ್ತಲ್ಲ."

"ಎಡತೋಳು."

"ಇದು, ಈ ಬಲಗಡೆದು."

"ಎಡತೋಳು ಮೇಡಂ." ದೊಡ್ಡವಳು ದಾರದ ಬಣ್ಣ ಹುಡುಕುತ್ತ, ತಲೆ ಎತ್ತದೆ ಹೇಳಿದಳು. "ನೋಡೋರ ಎಡ ಬಲ ನಮ್ಮಲ್ಲಿಲ್ಲ. ತೊಟ್ಟೋರ ಎಡಾನೇ ಎಡ. ಅದು ತಪ್ಪಿದ್ರೆ ಜೇಬು ಆ ಕಡೆ, ಗುಂಡಿ ಈ ಕಡೆ ಆಗಿ ಬಟ್ಟೆ ಎಕ್ಕುಟ್ಟಿಹೋಗುತ್ತೆ. ಬಟ್ಟೆಗಿರಲಿ, ಈ ಅಂಗಡಿ ಕಪಾಟಿಗೂ ನಮ್ಮಪ್ಪ ಹಾಗೇ ಎಡ ಬಲ..."

ಅವಳ ಕೈ ದಾರದ ಡಬ್ಬಿಯಲ್ಲೇ ನಿಂತಿತು.

ಪ್ಲೈವುಡ್ಡಿನ ಆಚೆ ಮಿಷನ್ ಕೂಡ ನಿಂತಿತ್ತು. ದೊಡ್ಡವಳು ಕಾದಳು. ಈಗ ಕೂಗುತ್ತಾಳೆ, ಈಗ ನಗುತ್ತಾಳೆ, ಗಿರಾಕಿಗಳನ್ನೆಲ್ಲ ಸೇರಿಸಿ ಹೇಳುತ್ತಾಳೆ. ತಂಗಿಯ ಮಿಷನ್ ಮತ್ತೆ ಓಡತೊಡಗಿತು, ಅಷ್ಟೇ. ಅವಳು ಅಣಕಿಸಿದ್ದರೆ ಚೆನ್ನಾಗಿತ್ತು. ಈ ದೊಡ್ಡತನವನ್ನು ನುಂಗುವುದು ದೊಡ್ಡವಳಿಗೆ ಕಷ್ಟವಾಯಿತು. ಇದೂ ಅವಳಿಗೇ ಸಿಕ್ಕಿತಲ್ಲ.

ವಕೀಲಮ್ಮ ಮತ್ತೆ ಸ್ಟೂಲಿನ ಮೇಲೆ ಕೂತರು. "ನಾನು ಮೊದಲೇ ಹೇಳಿದ್ದೀನಿ. ಇದನ್ನ ನಾನು ಯಾರಿಗೂ ಹೇಳೋ ಹಾಗಿಲ್ಲ, ಅವರೂ ಕೋರ್ಟಲ್ಲಿ ಎತ್ತೋ ಹಾಗಿಲ್ಲ. ಕೇಸು ನಡೆಸ್ತೀನಿ ಅಂದ್ರೆ ನಡೆಸಬಹುದು. ಗೆದ್ದರೂ ಗೆಲ್ಲಬಹುದು."

"ಅಲ್ಲಿ ಕಟಕಟೇಲಿ ನಿಂತು ನಾನು, ನೋಡೋರ ಎಡಾನೇ ಎಡ ಅನ್ನಬೇಕಲ್ಲ?"

"ಅನ್ನಬೇಕು."

"ಅವಳು ಕೇಳಿಸಿಕೊಳ್ತಾ ಕೂತಿರ್ತಾಳೆ."

"ಕೂತಿರ್ತಾರೆ."

ದೊಡ್ಡವಳು ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲ ತಪ್ಪಿತು. "ಆಮೇಲೆ ಊರಿಗೆಲ್ಲಾ ಹೇಳ್ತಾಳೆ, ನಮ್ಮಕ್ಕನಿಗೆ ತೋಳು ಯಾವುದು ಅಂತ ಗೊತ್ತಿಲ್ಲ ಅಂತ. ಬಾಯಿಬಿಟ್ಟು ಹೇಳದಿದ್ರೂ ಮನಸ್ಸಲ್ಲಿ ಹೇಳಿಕೊಳ್ತಾಳೆ. ಕೆಲಸದಲ್ಲಿ ಅವಳು ನನಗಿಂತ ಮೇಲು ಅಂತಾಗಿಬಿಡುತ್ತೆ. ಮೂಲೆ ಬೇಕಾದ್ರೆ ಅವಳೇ ಇಟ್ಕೊಳ್ಳಲಿ, ಅದನ್ನ ಮಾತ್ರ ಕೊಡಲ್ಲ."

"ನಿಮಗೆ ನಿಜವಾಗ್ಲೂ ಬೇಕಾಗಿರೋದು ಏನಮ್ಮಾ?"

"ಆ ಕಡೆ ಜನ ಹೋಗೋದು ನಿಲ್ಲಬೇಕು."

ವಕೀಲಮ್ಮ ಪೆನ್ನಿನ ಮುಚ್ಚಳ ತೆಗೆದರು. "ಅದನ್ನ ಕರಾರಿನಲ್ಲಿ ಬರೆಯೋಕಾಗಲ್ಲ."

"ಗೊತ್ತು. ಆಗೋದನ್ನ ಬರೀರಿ."

ಅವರು ಬರೆದರು. ಅಂಗಡಿಯೊಳಗೆ ಬೀದಿಗೆ ಮುಖ ಮಾಡಿ ಕುಳಿತವರ ಎಡಗೈ ಕಡೆಯ ಅರ್ಧ ಹಿರಿಯಳದು, ಬಲಗೈ ಕಡೆಯ ಅರ್ಧ ಕಿರಿಯಳದು. ನಾಲ್ಕು ದಿಕ್ಕಿಗೂ ಚಕ್ಕುಬಂದಿ, ಗೋಡೆಯಿಂದ ಗೋಡೆಗೆ ಎಷ್ಟಡಿ. ಅಳತೆ ಟೇಪಿನ ಒಂದು ತುದಿ ಹಿಡಿಯಲು ಚಿಕ್ಕವಳನ್ನು ಕರೆಯಬೇಕಾಯಿತು. ಅಕ್ಕತಂಗಿಯರು ಟೇಪಿನ ಎರಡು ತುದಿಯಲ್ಲಿ ಬಗ್ಗಿ ನಿಂತರು.

"ಟೇಪು ಬಿಗಿಯಾಗಿ ಹಿಡಿಯೇ," ಎಂದಳು ದೊಡ್ಡವಳು. "ಜೋಲು ಬಿಟ್ಟು ಅಳೆಯೋದು ನಿನಗೆ ಹುಟ್ಟುಗುಣ."

"ಬಿಗಿಯಾಗೇ ಇದೆ ಕಣಕ್ಕಾ. ನಿನ್ನ ಕಡೆನೇ ಜೋಲಾಗಿರೋದು."

ಇಬ್ಬರೂ ಸಹಿ ಹಾಕಿದರು. ದೊಡ್ಡವಳು ತೋಳು ಕೂರಿಸಿ ಕೊಟ್ಟಳು. ವಕೀಲಮ್ಮ ಕೋಟು ತೊಟ್ಟು, ಎರಡೂ ಕೈ ಎತ್ತಿ ಇಳಿಸಿ, ಹೊರಟುಹೋದರು. ಚಿಕ್ಕವಳು ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟಳು. ಆಚೆಯಿಂದ ಯಾರೋ ಕರೆದರು. ಹೋದಳು.

ನಾಲ್ಕೂಕಾಲಿನ ಬಸ್ಸು ಬಂತು. ದೊಡ್ಡವಳು ಷರ್ಟಿನ ಕಾಲರಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು. ಉಳಿದ ಸೂಜಿಗಳು ತುಟಿಗಳ ನಡುವೆ ಸಾಲಾಗಿದ್ದವು. ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಕೈಯಲ್ಲಿ ಕಾಗದದ ಚೀಲ, ಚೀಲದ ಬಾಯಲ್ಲಿ ಮಡಿಸಿದ ಹಸಿರು ಬಟ್ಟೆ. ಆಕೆ ಅಂಗಡಿಯ ಎದುರು ಬಂದು, ಎರಡು ಬಾಗಿಲುಗಳ ಮಧ್ಯೆ ನಿಂತು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದಳು. ದೊಡ್ಡವಳ ಬಾಯಿ ತುಂಬ ಸೂಜಿಗಳಿದ್ದವು. ಅವಳು ಕಾಲರನ್ನು ಹಿಡಿದುಕೊಂಡೇ, ಆ ಹೆಂಗಸಿನ ಚಪ್ಪಲಿಗಳು ಯಾವ ಕಡೆ ತಿರುಗುತ್ತವೆಂದು ನೋಡುತ್ತ ಕೂತಳು.