ದೋಣಿಯವನ ಗಾಳದ ಕೋಲು

ಗಾಳದ ಸಾಮಾನಿನ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಹೋಯ್ಟ್ ಬ್ರ್ಯಾಮ್ಲೆಟ್‌ಗೆ ಅಸಹ್ಯವಾಯಿತು. ಗಾಳಕ್ಕೆ ಸಿಕ್ಕಿಸುವ ಮರಿಮೀನಿನ ತೊಟ್ಟಿಯ ವಾಸನೆಗಲ್ಲ. ಅದರೊಂದಿಗೆ ಅವನಿಗೆ ಅರವತ್ತು ವರ್ಷದ ನಂಟು. ಗೋಡೆಯುದ್ದಕ್ಕೂ ನಿಲ್ಲಿಸಿದ್ದ ಗಾಳದ ಕೋಲುಗಳನ್ನು ನೋಡಿ ಹಾಗಾಯಿತು. ಒಂದು ಗುಲಾಬಿ, ಒಂದು ಗಿಳಿಹಸಿರು, ಇನ್ನೊಂದರ ಹಿಡಿಗೆ ಹಾವಿನ ಚರ್ಮದ ಚಿತ್ರ. ಮೀನು ಹಿಡಿಯಲಿಕ್ಕೋ ಸರ್ಕಸ್ಸಿಗೋ ಎಂದು ಮೂಗು ಮುರಿದ.

ಅವನ ಹಳೆಯ ಕೋಲಿನ ತುದಿ ಬೆಳಿಗ್ಗೆ ಪಿಕಪ್ ಬಾಗಿಲಿಗೆ ಸಿಕ್ಕಿ ಮುರಿದಿತ್ತು. ಅವಸರದಲ್ಲಿ ಬಾಗಿಲು ಹಾಕಿದವನು ತಾನೇ ಆದ್ದರಿಂದ ಬೈಯಲು ಬೇರೆ ಯಾರೂ ಇರಲಿಲ್ಲ. ಅವಸರಕ್ಕೂ ಕಾರಣವಿತ್ತು. ಆಸ್ಪತ್ರೆಯ ಚಿಕಿತ್ಸೆ ಮುಗಿದ ಮೇಲೆ ಹೆಂಡತಿ ಆರ್ಡಿತ್ ಆರು ವಾರದಿಂದ ಏನು ಕೊಟ್ಟರೂ ಕಬ್ಬಿಣ ನೆಕ್ಕಿದಂತಾಗುತ್ತದೆ ಎಂದು ತಟ್ಟೆ ದೂಡುತ್ತಿದ್ದಳು. ಮೈಮೇಲಿನ ಬಟ್ಟೆ ಜೋಲಾಡುತ್ತಿತ್ತು. ಅಂಥವಳು ಇವತ್ತು ಕಿಟಕಿಯಾಚೆ ಡಾಗ್‌ವುಡ್ ಮರದ ಬಿಳಿ ಹೂವು ಉದುರುವುದನ್ನು ನೋಡುತ್ತಾ, "ಕ್ರ್ಯಾಪಿ ಮೀನು ಕರಿದು ಕೊಟ್ರೆ ಒಂದು ತುಂಡು ತಿಂತಿದ್ನೇನೋ" ಅಂದಿದ್ದಳು. ಆ ಆಸೆ ನಾಳೆಯವರೆಗೆ ಇರುತ್ತದೆ ಎಂಬ ನಂಬಿಕೆ ಹೋಯ್ಟ್‌ಗೆ ಇರಲಿಲ್ಲ. ಮೊಟ್ಟೆಯಿಡಲು ಕೆರೆಯ ದಡಕ್ಕೆ ಬಂದ ಮೀನೂ ಹೂವು ಉದುರಿದ ಮೇಲೆ ಆಳಕ್ಕೆ ಇಳಿದುಬಿಡುತ್ತದೆ.

ಅಂಗಡಿಯ ಕೋರೀನ್ ಕೈ ಒರೆಸಿಕೊಳ್ಳುತ್ತಾ ಬಂದಳು. "ಕ್ರ್ಯಾಪಿಗೆ ತಾನೇ ಯಜಮಾನ್ರೇ? ದೋಣಿಗಾ, ದಡಕ್ಕಾ?"

ಹೋಯ್ಟ್‌ನ ಮೊಣಕಾಲು ದೋಣಿ ಹತ್ತಲು ಒಪ್ಪದೆ ಒಂದು ವರ್ಷವಾಗಿತ್ತು. ದೋಣಿ ಈಗ ಅಳಿಯನ ಅಂಗಳದಲ್ಲಿತ್ತು. ಆದರೆ ದಡ ಎಂಬ ಮಾತು ಅವನ ಗಂಟಲು ದಾಟಲಿಲ್ಲ. ಬಕೆಟ್ ಬೋರಲು ಹಾಕಿಕೊಂಡು ಕೆಸರಲ್ಲಿ ಕೂರುವವರನ್ನು ನಲವತ್ತು ವರ್ಷ ದೋಣಿಯ ಮೇಲಿಂದ ನೋಡಿ ನಕ್ಕವನು ಅವನು.

"ದೋಣಿಗೆ. ಇನ್ಯಾತಕ್ಕೆ?" ಅಂದ.

"ಹಂಗಾದ್ರೆ ಆರಡಿ ಸಾಕು. ದಡಕ್ಕಾಗಿದ್ರೆ ಇಗೋ, ಈ ಹತ್ತಡಿದು ಕೊಡ್ತಿದ್ದೆ. ತುದಿ ನೋಡಿ, ಬಳ್ಳಿ ಥರ ಬಾಗುತ್ತೆ."

"ಅದು ಬಕೆಟ್ ಮಂದಿ ಕೋಲು. ಆರಡಿದೇ ಕೊಡಮ್ಮ, ಗಟ್ಟಿದು. ದಾರ ಸುತ್ತೋ ರೀಲೂ ಸ್ವಲ್ಪ ದೊಡ್ಡದಿರ್ಲಿ."

ಕೋರೀನ್ ಹುಬ್ಬೇರಿಸಿದಳು, ಕೊಟ್ಟಳು.

ಕೆರೆಯ ದಡ ಅವನು ಅಂದುಕೊಂಡದ್ದಕ್ಕಿಂತ ಹೊಲಸಾಗಿತ್ತು. ಖಾಲಿ ಡಬ್ಬಿ, ಕೊಳೆತ ಮೀನಿನ ತಲೆ, ಯಾರೋ ಬಿಸಾಕಿದ ಮಗುವಿನ ಚಡ್ಡಿ. ಹೇಸಿಕೊಂಡು ಒಂದು ಜಾಗ ಹಿಡಿದ. ಹತ್ತು ಹೆಜ್ಜೆ ಆಚೆ ಗಂಡಸರ ಟೊಪ್ಪಿ ಹಾಕಿದ್ದ ವಯಸ್ಸಾದ ಕಪ್ಪು ಹೆಂಗಸೊಬ್ಬಳು ಬಕೆಟ್ ಮೇಲೆ ಕೂತಿದ್ದಳು. ಅವಳ ಬಳಿ ಉದ್ದನೆಯ, ಬಳುಕುವ ಕೋಲು. ನೀರಲ್ಲಿ ನಿಂತ ಪೊದೆಯ ಆಚೆ ಬದಿಗೆ ಅದನ್ನು ಚಾಚಿ, ಮರಿಮೀನನ್ನು ನೇರ ಕೆಳಗೆ ಬಿಡುತ್ತಿದ್ದಳು. ಬೆಂಡು ಮುಳುಗಿದರೆ ಸುಮ್ಮನೆ ಮೇಲೆತ್ತುತ್ತಿದ್ದಳು.

ಹೋಯ್ಟ್‌ನ ಆರಡಿ ಕೋಲು ಪೊದೆಯನ್ನು ಮುಟ್ಟಲೂ ಇಲ್ಲ. ಬೀಸಿ ಎಸೆದರೆ ಗಾಳ ಕೊಂಬೆಗೆ ಸಿಕ್ಕಿತು. ಆರನೆಯ ಸಲ ಪೊದೆಯ ಆಚೆ ಬಿತ್ತು, ಬೆಂಡು ಮುಳುಗಿತು. ಅವನು ಎಳೆದ. ಅಂಗೈಗಲದ ಬೆಳ್ಳಿ ಮೀನು ಪೊದೆಯವರೆಗೆ ಬಂದು ಸುಲಭವಾಗಿ ಕಳಚಿಕೊಂಡಿತು. ಗಾಳದ ತುದಿಯಲ್ಲಿ ಕಾಗದದಷ್ಟು ತೆಳ್ಳಗಿನ ತುಟಿಯ ಚೂರು ಉಳಿದಿತ್ತು. ಎರಡನೆಯದೂ ಹಾಗೇ. ಮೂರನೆಯದು ದಡದಿಂದ ಎರಡು ಗೇಣು ದೂರದಲ್ಲಿ.

"ಥೂ!" ಎಂದು ಕೋಲನ್ನು ನೆಲಕ್ಕೆ ಬಡಿದ.

"ಅದಕ್ಯಾಕೆ ಬಡೀತೀರಿ? ಕೋಲೇನು ತಾನಾಗೇ ನಿಮ್ಮ ಕೈಗೆ ಬಂತಾ?" ಎಂದಳು ಹೆಂಗಸು ತಿರುಗದೆ. "ನಿಮ್ಮ ಹಸಿರು ದೋಣಿ ಎಲ್ಲಿ?"

"ನನ್ನ ದೋಣಿ ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ದೆ ಏನು? ಪ್ರತಿ ವರ್ಷ ಭರ್ರನೆ ಬಂದು ನನ್ನ ಕಾಲೊದ್ದೆ ಮಾಡಿ ಹೋಗ್ತಿದ್ರಲ್ಲ! ಒಂದ್ಸಲ ನನ್ನ ಊಟದ ಡಬ್ಬೀನೂ ತೇಲ್ಕೊಂಡು ಹೋಯ್ತು. ಬೇಯಿಸಿದ ಕಡಲೆಕಾಯಿ ಇತ್ತು ಅದ್ರಲ್ಲಿ."

ದಡದ ಡಾಗ್‌ವುಡ್ ಮರದಿಂದ ಬಿಳಿ ಎಸಳು ನೀರಿಗೆ ಬೀಳುತ್ತಲೇ ಇದ್ದವು. ಇಷ್ಟು ಹೊತ್ತೂ ಕಸದ ಮೇಲೆ, ಕೋಲಿನ ಮೇಲೆ, ಬಕೆಟ್ ಮಂದಿಯ ಮೇಲೆ ಇದ್ದ ಅಸಹ್ಯವೆಲ್ಲ ಈಗ ತಿರುಗಿ ಅವನ ಮೇಲೆಯೇ ಬಂತು. ಒಂದು ಸುಳ್ಳಿನ ಶೋಕಿಗೆ ಆರ್ಡಿತ್‌ಳ ಒಂದು ತುತ್ತನ್ನು ಒತ್ತೆಯಿಟ್ಟಿದ್ದ. ದೋಣಿಯಲ್ಲಾದರೆ ಮೀನಿನ ನೆತ್ತಿಯ ಮೇಲೇ ನಿಂತು, ಬಲೆ ಕೆಳಗಿಟ್ಟು ಎತ್ತಬಹುದು. ಇಲ್ಲಿ ಬಾಗದ ಗಟ್ಟಿ ಕೋಲಿನಿಂದ ಅಷ್ಟು ದೂರ ಎಳೆಯುವಾಗ ಭಾರವೆಲ್ಲ ಆ ಬಡ ತುಟಿಯ ಮೇಲೆ. ಇದು ಗೊತ್ತಿಲ್ಲದವನೇನಲ್ಲ ಅವನು.

"ಹೆಂಡ್ತಿ ಕೇಳಿದ್ಲು," ಎಂದ ಕೊನೆಗೆ. "ಆರು ವಾರದಿಂದ ಊಟ ಸೇರ್ತಿಲ್ಲ."

ಹೆಂಗಸು ಈಗ ತಿರುಗಿದಳು. "ಅದನ್ನ ಮೊದ್ಲೇ ಬೊಗಳೋಕೇನಾಗಿತ್ತು? ನನ್ನದ್ರಲ್ಲಿ ನಾಲ್ಕು ತಗೊಂಡು ಹೋಗಿ."

"ಬೇಡ. ಯಾರು ಹಿಡಿದಿದ್ದು ಅಂತ ಕೇಳ್ತಾಳೆ. ಇವತ್ತಿಗೆ ಒಂದು ಸುಳ್ಳು ಸಾಕು."

"ಹಂಗಾದ್ರೆ ಹೋಗಿ ಕೋಲು ಬದಲಾಯಿಸ್ಕೊಂಡು ಬನ್ನಿ. ಜಾಗ ನಾನು ನೋಡ್ಕೋತೀನಿ." ತನ್ನ ಇನ್ನೊಂದು ಬಕೆಟ್ ತಂದು ಅವನ ಜಾಗದಲ್ಲಿ ಬೋರಲು ಇಟ್ಟಳು. ಆ ದಡದಲ್ಲಿ ಬೋರಲು ಬಕೆಟ್ ಇದ್ದಲ್ಲಿಗೆ ಯಾರೂ ಕಾಲಿಡುವುದಿಲ್ಲ. "ಒಸೆಲ್ಲಾ ಪೆಟ್‌ವೇ ನನ್ನ ಹೆಸ್ರು. ಇನ್ಮೇಲೆ ಹೆಸ್ರು ಹಿಡಿದು ಕರೀರಿ."

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಹೋಯ್ಟ್ ಆರಡಿ ಕೋಲನ್ನು ಮೇಜಿನ ಮೇಲಿಟ್ಟ.

"ದಡಕ್ಕೆ," ಎಂದ, ಎಲ್ಲರಿಗೂ ಕೇಳುವಂತೆ. "ನಾನು ದಡದಿಂದ ಹಿಡಿಯೋನು. ಆ ಹತ್ತಡಿದು ಕೊಡು. ಅತಿ ಸಣ್ಣ ರೀಲು ಹಾಕು. ಎಸೆಯೋ ಕೆಲಸ ಇಲ್ಲ, ಇಳಿಸೋದು ಅಷ್ಟೇ."

ಕೋರೀನ್ ಬಾಯಿ ತೆರೆದಳು. "ಏನೂ ಅನ್ಬೇಡ," ಎಂದ ಹೋಯ್ಟ್.

"ಏನೂ ಅಂದಿಲ್ಲಪ್ಪ," ಎಂದು ಅವಳು ಕೋಲಿನ ತುದಿಯನ್ನು ಅವನ ಅಂಗೈಗೆ ಒತ್ತಿ ತೋರಿಸಿದಳು. ಅದು ನಡುವಿನಿಂದಲೇ ಬಾಗಿತು.

ಮಧ್ಯಾಹ್ನದೊಳಗೆ ಐದು ಮೀನು. ಎರಡು ತಪ್ಪಿಸಿಕೊಂಡವು, ಅವನ ಕೈಯ ಹಳೆಯ ಚಟದಿಂದ. "ಎಳೀಬೇಡ್ರೀ, ಎತ್ರೀ!" ಎಂದು ಒಸೆಲ್ಲಾ ಅರಚುತ್ತಲೇ ಇದ್ದಳು. ಹೊರಡುವಾಗ ಅವನು ತನ್ನ ಸುತ್ತಲಿನ ಡಬ್ಬಿಗಳನ್ನು ಹೆಕ್ಕಿ ಚೀಲಕ್ಕೆ ತುಂಬಿದ, ವಾಸನೆಗೆ ಮುಖ ಸಿಂಡರಿಸುತ್ತಾ.

ಮನೆಯಲ್ಲಿ ಜೋಳದ ಹಿಟ್ಟು ಹಚ್ಚಿ ತಾನೇ ಕರಿದ. ಆರ್ಡಿತ್ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಮುಖ ಕಿವುಚಿದಳು. ಹೋಯ್ಟ್ ತಟ್ಟೆ ತೆಗೆಯಲು ಕೈ ಚಾಚಿದ.

"ಥೂ, ಏನ್ರೀ ಇದು!" ಎಂದಳು. "ಹಿಟ್ಟಿಗೆ ಉಪ್ಪೇ ಹಾಕಿಲ್ವಲ್ಲ!"

ಅವನು ಉಪ್ಪಿನ ಡಬ್ಬಿ ತರಲು ಎದ್ದ. ತಂದಿಡುವಷ್ಟರಲ್ಲಿ ಅವಳು ಬೈಯುತ್ತಲೇ ಎರಡನೆಯ ತುಂಡು ಎತ್ತಿಕೊಂಡಿದ್ದಳು.