ಜೇನುಬಣ್ಣದ ತೊಗಲು

ಕೆಳಗಿನ ಹಳ್ಳಿಗೆ ಸುಂಕದವರು ಬಂದಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದಾಗಿನಿಂದ ಯೆದ್ದರ್ ಕೂತಲ್ಲಿ ಕೂರಲಿಲ್ಲ. ಕುರಿರೊಪ್ಪದ ಬಾಗಿಲಿಗೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ದೊಡ್ಡವ್ವ ಫಾನ್ನು ಇಟ್ಟ ಜವೆಗಂಜಿ ಬಟ್ಟಲಲ್ಲೇ ಆರಿ ಕೆನೆಗಟ್ಟಿತು.

ಸುಂಕದವರಿಗೆ ಬೇಕಿದ್ದದ್ದು ಕಾಳಲ್ಲ, ಬೆಣ್ಣೆಯಲ್ಲ. ಇನ್ನೂ ಹುಟ್ಟದ ಕುರಿಮರಿಯ ತೊಗಲು, ಅದೂ ಜೇನುಬಣ್ಣದ್ದು. ದೂರದ ದಮಾಸ್ಕಸ್ಸಿನಲ್ಲಿ ಕೂತು ಈ ಗುಡ್ಡಗಾಡನ್ನು ಆಳುವ ಅರಮನೆಯವರು ಅದನ್ನು ಮೈಗೆ ಹಾಕಿಕೊಳ್ಳುತ್ತಾರಂತೆ. ಹೊಟ್ಟೆಯೊಳಗಿನ ಮರಿಯ ಬಣ್ಣ ಹೊರಗಿನಿಂದ ಕಾಣುವುದಿಲ್ಲವಲ್ಲ, ಹಾಗಾಗಿ ಗಬ್ಬದ ಕುರಿಗಳನ್ನೆಲ್ಲ ಸಾಲಾಗಿ ಕೆಡವಿ ಸೀಳುತ್ತಿದ್ದರು. ಕೆಳಗಿನ ಹಳ್ಳಿಯಲ್ಲಿ ಒಂದು ರೊಪ್ಪವನ್ನೇ ಸೀಳಿ, ಹಿಡಿಯಷ್ಟು ತೊಗಲು ಆರಿಸಿಕೊಂಡು, ಉಳಿದದ್ದನ್ನು ನಾಯಿಗೆ ಎಸೆದಿದ್ದರು. ನಾವೂ ನಿಮ್ಮ ದೇವರಿಗೇ ತಲೆಬಾಗಿದವರು, ನಮ್ಮ ಮಕ್ಕಳು ಕಡಲಾಚೆ ನಿಮ್ಮ ದಂಡಿನ ಮುಂದೆ ನಿಂತು ಸತ್ತವರು ಎಂದು ಅಲ್ಲಿಯ ಹಿರಿಯರು ಬೇಡಿಕೊಂಡರಂತೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಆದರೆ ಈದ ಕುರಿಯನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ.

ಯೆದ್ದರ್‌ನ ತಲೆಗೆ ಹೊಕ್ಕಿದ್ದು ಅದೇ ಮಾತು. ಅಪ್ಪ ಬಿಟ್ಟು ಹೋದದ್ದು ಆ ಕುರಿಗಳನ್ನು ಬಿಟ್ಟರೆ ಬೇರೇನೂ ಇಲ್ಲ. ಅವುಗಳ ಹಾಲೇ ಇಬ್ಬರ ಹೊಟ್ಟೆ. ಈಯುವ ಕಾಲ ಇನ್ನೂ ದೂರವಿತ್ತು. ಆದರೆ ಗಬ್ಬದ ಕುರಿಯನ್ನು ಏರಿಗೆ ಅಟ್ಟಿ ಓಡಿಸಿದರೆ ಹೊತ್ತಿಗೆ ಮೊದಲೇ ಕಂದು ಹಾಕುತ್ತದೆಂದು ಕುರಿ ಕಾಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನು ನಾಯಿಯ ಹಗ್ಗ ಬಿಚ್ಚಿದ.

ಫಾನ್ನು ರೊಪ್ಪದ ಬಾಗಿಲಿಗೆ ಅಡ್ಡ ನಿಂತಳು.

"ಅವ್ರು ಮಾಡೋ ಕೆಲಸಾನ ನೀನೇ ಮಾಡ್ತೀಯೇನೋ?"

"ಮರಿ ಹೆಂಗೂ ಉಳಿಯಲ್ಲ ದೊಡ್ಡವ್ವ. ತಾಯಾದ್ರೂ ಉಳೀಲಿ. ಸರಿ ಆ ಕಡೆ."

ಅವಳು ಸರಿದಳು.

ಆವತ್ತೆಲ್ಲ ಅವನು ಓಡಿಸಿದ. ಏರಿಗೆ, ಇಳಿಜಾರಿಗೆ, ಮತ್ತೆ ಏರಿಗೆ. ಹಿಂದೆ ನಾಯಿ, ಅದರ ಹಿಂದೆ ಅವನು. ಹೆಸರು ಹಿಡಿದು ಕರೆದರೆ ಬರುವ ಕುರಿಗಳು ಅವು, ಈಗ ಅವನನ್ನು ಕಂಡರೆ ಕಣ್ಣಿನ ಬಿಳಿ ಕಾಣುವಂತೆ ಬೆದರಿ ಚೆದುರುತ್ತಿದ್ದವು. ಮಾರನೆಯ ದಿನ ಬೆಳಿಗ್ಗೆಯಿಂದ ಒಂದೊಂದೇ ಮಲಗತೊಡಗಿದವು. ಬಿದ್ದ ಮರಿಗಳಲ್ಲಿ ಉಸಿರಿರಲಿಲ್ಲ. ಉಸಿರಿದ್ದ ಒಂದೆರಡು ಅವನ ಅಂಗೈಯಲ್ಲೇ ತಣ್ಣಗಾದವು. ಎಲ್ಲವನ್ನೂ ಗೋಡೆಯ ಬುಡದಲ್ಲಿ ಸಾಲಾಗಿ ಮಲಗಿಸಿದ. ಹೂಳಲು ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ಕುದುರೆಗಳು ಬಂದವು.

ಸುಂಕದ ಮುಖ್ಯಸ್ಥ ಬಿಳಿಗಡ್ಡದ, ಮೆದುಮಾತಿನ ಮನುಷ್ಯ. ಗುಡ್ಡದವರ ಮಾತನ್ನು ಚೆನ್ನಾಗಿಯೇ ಕಲಿತಿದ್ದ. ಕುರಿಗಳ ಬತ್ತಿದ ಹೊಟ್ಟೆ ನೋಡಿ ಮರಿಗಳೆಲ್ಲಿ ಎಂದು ಕೇಳಿದ. ಯೆದ್ದರ್‌ನಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಎಲ್ಲ ಈದಿವೆ, ಒಂದೂ ಉಳಿದಿಲ್ಲ, ಬೇಕಾದರೆ ನೋಡಿಕೊಳ್ಳಿ ಎಂದು ತಾನೇ ಗೋಡೆಯ ಬುಡ ತೋರಿಸಿದ.

ಮುಖ್ಯಸ್ಥ ಕುಕ್ಕರುಗಾಲಲ್ಲಿ ಕೂತ. ಒಂದು ಮರಿಯ ಬೆನ್ನಿನ ಲೋಳೆಯನ್ನು ಹೆಬ್ಬೆರಳಿನಿಂದ ಒರೆಸಿದ. ಬಿಸಿಲಿಗೆ ಆ ಸಣ್ಣ ಗುಂಗುರು ಕೂದಲು ಜೇನಿನಂತೆ ಹೊಳೆಯಿತು. ಪಕ್ಕದ್ದನ್ನು ಒರೆಸಿದ. ಅದರ ಪಕ್ಕದ್ದನ್ನೂ.

"ಹೊಟ್ಟೆ ಸೀಳೋವಾಗ ಒಳಗಿನ ತೊಗಲಿಗೂ ಚಾಕು ತಾಗುತ್ತೆ," ಎಂದ. "ಇದ್ರಲ್ಲಿ ಒಂದು ಗೀರಿಲ್ಲ. ಕುರೀನೂ ಉಳೀತು, ಬರೋ ವರ್ಷಕ್ಕೂ ಆಯ್ತು. ಇಷ್ಟು ವರ್ಷ ನಮಗ್ಯಾಕೆ ಇದು ಹೊಳೀಲಿಲ್ಲ ಮಗಾ?"

ಅವನ ಆಳುಗಳು ಅಲ್ಲೇ ಕೂತು ಸುಲಿಯತೊಡಗಿದರು. ಕೆಚ್ಚಲು ತುಂಬಿದ ಕುರಿಗಳು ಅರಚುತ್ತ ಗೋಡೆಯ ಬುಡಕ್ಕೇ ಬಂದು ಮೂಸುತ್ತಿದ್ದವು, ಆಳುಗಳು ಮೊಣಕೈಯಿಂದ ತಳ್ಳುತ್ತಿದ್ದರು. ಗುಡ್ಡದಾಚೆಯ ಹಳ್ಳಿಯವರಿಗೂ ನೀನೇ ಬಂದು ಈ ಕೆಲಸ ಕಲಿಸಿಕೊಡಬೇಕು, ಊಟ ನಮ್ಮದು ಎಂದ ಮುಖ್ಯಸ್ಥ. ಯೆದ್ದರ್ ದೊಡ್ಡವ್ವನ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅರಚುವ ಕುರಿಯೊಂದನ್ನು ಕಾಲ ನಡುವೆ ಹಿಡಿದು, ಬಿಗಿದ ಕೆಚ್ಚಲಿನ ಹಾಲನ್ನು ಸುಮ್ಮನೆ ನೆಲಕ್ಕೆ ಕರೆಯುತ್ತಿದ್ದಳು.

ಅವನು ಆಗಲಿ ಎಂದ. ತಾನು ಮುಂದೆ ಹೋಗಿ ಅವರ ಕುರಿಗಳನ್ನು ಒಂದುಕಡೆ ಕೂಡಿಸಿರುತ್ತೇನೆ, ಸುಲಿದು ಮುಗಿದ ಮೇಲೆ ನೀವು ಹಳ್ಳದ ದಾರಿಯಲ್ಲಿ ಬನ್ನಿ ಎಂದ. ಮುಖ್ಯಸ್ಥ ಅವನ ಬೆನ್ನು ತಟ್ಟಿದ. ತಟ್ಟಿದ ಜಾಗ ದಾರಿಯುದ್ದಕ್ಕೂ ಉರಿಯಿತು.

ನಾಯಿಯನ್ನು ಕರೆದುಕೊಂಡು ಮೇಕೆದಾರಿ ಹಿಡಿದು ಗುಡ್ಡ ಹತ್ತಿ ಇಳಿದ. ಆಚೆಯ ಹಳ್ಳಿಯ ಬಯಲಲ್ಲಿ ಗಬ್ಬದ ಕುರಿಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಅವನ್ನು ಕಂಡದ್ದೇ ತಡ, ಎರಡು ದಿನದಲ್ಲಿ ಹೊಸ ಪಾಠ ಕಲಿತಿದ್ದ ನಾಯಿ ಬಾಣದಂತೆ ನುಗ್ಗಿತು. ಯೆದ್ದರ್ ಅದರ ಮೇಲೆ ಬಿದ್ದು, ಕತ್ತು ಹಿಡಿದು, ನೆಲಕ್ಕೆ ಒತ್ತಿ ಮಲಗಿದ. ಇಬ್ಬರೂ ಒಂದೇ ಸಮನೆ ಏದುಸಿರು ಬಿಡುತ್ತಿದ್ದರು.

ಆ ಹಳ್ಳಿಯ ಹಿರಿಯ ಯಿಂತಾನ್ ಕೋಲೂರಿಕೊಂಡು ಬಂದ. ಯಾರ ಮಗ, ಏನು ಕಥೆ, ಮೊದಲು ಮಜ್ಜಿಗೆ ಕುಡಿ ಎಂದು ತನ್ನ ಮನೆಯಂಗಳಕ್ಕೆ ಕರೆದೊಯ್ದ. ಯೆದ್ದರ್ ಕುಡಿಯಲಿಲ್ಲ. ನಡೆದದ್ದನ್ನೆಲ್ಲ, ತಾನು ಗೋಡೆಯ ಬುಡ ತೋರಿಸಿದ್ದನ್ನೂ ಬಿಡದೆ, ಹೇಳಿದ. ಸುತ್ತ ಸೇರಿದ್ದ ಗಂಡಸರು ತಮ್ಮ ಕುರಿಗಳ ಕಡೆ ತಿರುಗಿ ನೋಡಿದರು.

"ಯಾವ ದಾರೀಲಿ ಬರ್ತಿದ್ದಾರೆ?" ಎಂದ ಯಿಂತಾನ್.

"ಹಳ್ಳದ ದಾರೀಲಿ. ನಾನೇ ಹೇಳಿ ಬಂದಿದೀನಿ."

ಹಳ್ಳದ ದಾರಿಯಲ್ಲಿ ಎರಡು ಕುದುರೆ ಜೊತೆಯಾಗಿ ಹೋಗಲಾಗದು. ಎರಡೂ ಕಡೆ ಬಂಡೆ, ಮೇಲಿನಿಂದ ಹೊಡೆದರೆ ಓಡಲು ಜಾಗವಿಲ್ಲ. ಯಿಂತಾನ್ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದ. ಸೂರಿನ ಸಂದಿಯಿಂದ ಈಟಿಗಳನ್ನು ಎಳೆಯುವ ಸದ್ದು ಹೊರಗೆ ಕೇಳಿಸಿತು. ಯೆದ್ದರ್ ಕಾಯಲಿಲ್ಲ. ನಾಯಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಸುಂಕದವರಿಗಿಂತ ಮೊದಲೇ ಬಂಡೆ ಹತ್ತಲು ಹಳ್ಳದ ಕಡೆ ಓಡತೊಡಗಿದ.